ಬ್ಯಾಟರಿ ಮೇಲೆ ವರ್ಷಗಟ್ಟಲೆ ಓಡುವ ಡೆಪ್ತ್ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ದಾಲ್ ಮಿಲ್ ಗೋದಾಮುಗಳಲ್ಲಿ ತೊಗರಿ ರಾಶಿ ಎಷ್ಟಿದೆ ಅಂತ ಮೇಲಿನಿಂದ ಅಳೆಯುವ ಪುಟ್ಟ ಪೆಟ್ಟಿಗೆ ಮಾಡುವುದು ನಮ್ಮ ಕೆಲಸ. ಕರೆಂಟ್ ವೈರ್ ಇಲ್ಲ, ಬರೀ ಬ್ಯಾಟರಿ. ಒಮ್ಮೆ ಮೇಲೆ ಕೂರಿಸಿದರೆ ಮೂರು ವರ್ಷ ಬ್ಯಾಟರಿಗಾಗಿ ಯಾರೂ ಏಣಿ ಹತ್ತಬಾರದು ಅನ್ನುವುದು ಗುರಿ. ಕಾಲೇಜಿನ ಹುಡುಗರು, ಮಿಲ್ ಮಾಲೀಕರು, ಬೀದರ್ ಮತ್ತು ಯಾದಗಿರಿ ಕಡೆಯ ಗೆಳೆಯರು, ಎಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮಾಮೂಲಿ ಕ್ಯಾಮೆರಾಗೂ ಡೆಪ್ತ್ ಕ್ಯಾಮೆರಾಗೂ ಏನು ವ್ಯತ್ಯಾಸ?

ಮಾಮೂಲಿ ಕ್ಯಾಮೆರಾ ಪ್ರತಿ ಚುಕ್ಕೆಯ ಬಣ್ಣ ಹೇಳುತ್ತದೆ, ಇದು ಪ್ರತಿ ಚುಕ್ಕೆ ಎಷ್ಟು ದೂರ ಇದೆ ಅಂತ ಹೇಳುತ್ತದೆ. ಅದಕ್ಕೆ ಮುಖ್ಯವಾಗಿ ಮೂರು ದಾರಿ. ಪಕ್ಕಪಕ್ಕ ಎರಡು ಕ್ಯಾಮೆರಾ ಇಟ್ಟು, ಒಂದೇ ವಸ್ತು ಎರಡರಲ್ಲೂ ಎಷ್ಟು ಸರಿದು ಕಾಣುತ್ತದೆ ಅಂತ ನೋಡಿ ಲೆಕ್ಕ ಹಾಕುವುದು ಸ್ಟೀರಿಯೋ. ಗೊತ್ತಿರುವ ಚುಕ್ಕೆಗಳನ್ನು ಇನ್‌ಫ್ರಾರೆಡ್ ಬೆಳಕಿನಲ್ಲಿ ಚೆಲ್ಲಿ, ಅವು ಎಲ್ಲಿ ಜಾರಿದವು ಅಂತ ನೋಡುವುದು ಸ್ಟ್ರಕ್ಚರ್ಡ್ ಲೈಟ್. 2010ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಮೊದಲ ಕಿನೆಕ್ಟ್ ಅನ್ನುವ ವಿಡಿಯೋ ಗೇಮ್ ಕ್ಯಾಮೆರಾ ಹೀಗೇ ಕೆಲಸ ಮಾಡುತ್ತಿತ್ತು. ಮೂರನೆಯದು ಟೈಮ್ ಆಫ್ ಫ್ಲೈಟ್, ಅಂದರೆ ಬೆಳಕು ಹೋಗಿ ಬರುವ ಸಮಯವನ್ನೇ ಅಳೆಯುವುದು. ಒಂದು ಸೆಂಟಿಮೀಟರ್ ದೂರ ಹೋಗಿ ಬರಲು ಬೆಳಕಿಗೆ ಸುಮಾರು 67 ಪಿಕೋಸೆಕೆಂಡ್ ಸಾಕು. ಇಷ್ಟು ಚಿಕ್ಕ ಸಮಯವನ್ನು ಬೆರಳುಗುರಿಗಿಂತ ಸಣ್ಣ ಚಿಪ್ ಅಳೆಯುತ್ತದೆ ಅನ್ನುವುದು ನನಗೆ ಈಗಲೂ ಸೋಜಿಗವೇ.

ಬ್ಯಾಟರಿಗೆ ಯಾವುದು ಒಳ್ಳೆಯದು?

ನಿಮಗೆ ಎಷ್ಟು ಚುಕ್ಕೆ ಬೇಕು ಅನ್ನುವುದು ಮೊದಲು ತೀರ್ಮಾನ ಆಗಲಿ. ಇದನ್ನು ಯೋಚಿಸದೆ ರಿಯಲ್‌ಸೆನ್ಸ್ ಡಿ435 ಅನ್ನುವ ದೊಡ್ಡ ಡೆಪ್ತ್ ಕ್ಯಾಮೆರಾ ತರಿಸಿಕೊಂಡು ಆಮೇಲೆ ಬ್ಯಾಟರಿ ಬಗ್ಗೆ ಕೇಳುವವರೇ ಜಾಸ್ತಿ. ಅದು ಒಳ್ಳೆಯ ಕ್ಯಾಮೆರಾ, ಆ ಬಗ್ಗೆ ತಕರಾರಿಲ್ಲ. ಆದರೆ ಅದು ಯುಎಸ್‌ಬಿ ಕ್ಯಾಮೆರಾ. ಎದುರಿಗೆ ಲಿನಕ್ಸ್ ಓಡುವ ಕಂಪ್ಯೂಟರ್ ಬೋರ್ಡ್ ಬೇಕು. ಆ ಬೋರ್ಡ್ ಎದ್ದು ಕಣ್ಣು ಬಿಡುವ ಹೊತ್ತಿಗೇ ನಿಮ್ಮ ಬ್ಯಾಟರಿ ಖರ್ಚು ಶುರುವಾಗಿರುತ್ತದೆ.

ರಾಶಿಯ ಎತ್ತರ ಅಳೆಯಲು ಲಕ್ಷಗಟ್ಟಲೆ ಚುಕ್ಕೆ ಬೇಕಿಲ್ಲ. ಎಸ್‌ಟಿ ಕಂಪನಿಯ ವಿಎಲ್53ಎಲ್5ಸಿಎಕ್ಸ್ ಅನ್ನುವ ಟೈಮ್ ಆಫ್ ಫ್ಲೈಟ್ ಚಿಪ್ ಚದುರಂಗದ ಹಲಗೆಯ ಹಾಗೆ 8×8, ಅಂದರೆ 64 ಮನೆಗಳಲ್ಲಿ ದೂರ ಕೊಡುತ್ತದೆ. 940 ನ್ಯಾನೋಮೀಟರ್ ಬೆಳಕು, ಒಳ್ಳೆಯ ಪರಿಸ್ಥಿತಿಯಲ್ಲಿ 4 ಮೀಟರ್ ತನಕ, ಸುಮಾರು 45 ಡಿಗ್ರಿ ನೋಟ. 3 ಮೀಟರ್ ಎತ್ತರದಿಂದ ನೋಡಿದರೆ ಕೆಳಗೆ ಸುಮಾರು ಎರಡೂವರೆ ಮೀಟರ್ ಚೌಕ ಕಾಣುತ್ತದೆ, ಒಂದೊಂದು ಮನೆಗೆ 30 ಸೆಂಟಿಮೀಟರ್ ಬರುತ್ತದೆ. ತೊಗರಿ ರಾಶಿ ಇಳಿಜಾರಾಗಿ ಹರಡಿಕೊಳ್ಳುವ ವಸ್ತು, ಅದರಲ್ಲಿ ಚೂಪು ಮೂಲೆಗಳೇನೂ ಇರುವುದಿಲ್ಲ, ಹಾಗಾಗಿ ಇಷ್ಟು ಸಾಕು. ರಾಶಿ ದೊಡ್ಡದಿದ್ದರೆ ಎರಡು ಮೂರು ಚಿಪ್ ಬೇರೆ ಬೇರೆ ಕೋನದಲ್ಲಿ ಕೂರಿಸಿ. ಆಗಲೂ ಲಿನಕ್ಸ್ ಬೋರ್ಡ್‌ಗಿಂತ ಕಡಿಮೆಯೇ ತಿನ್ನುತ್ತದೆ.

ಮಾವಿನ ಹಣ್ಣಿನ ಗಾತ್ರ, ಕುರಿಯ ಮೈಕಟ್ಟು ಅಳೆಯಬೇಕು ಅನ್ನುವವರಿಗೆ 64 ಮನೆ ಸಾಲದು. ಅವರಿಗೆ ದೊಡ್ಡ ಕ್ಯಾಮೆರಾನೇ ಗತಿ. ಆದರೆ ಅದರ ಜೊತೆ ಸೋಲಾರ್ ಪ್ಯಾನೆಲ್ ಇಟ್ಟುಕೊಳ್ಳಿ, ಬರೀ ಬ್ಯಾಟರಿ ಮೇಲೆ ವರ್ಷಗಟ್ಟಲೆ ಅನ್ನುವ ಆಸೆ ಬಿಡಿ.

ಬ್ಯಾಟರಿ ಎಷ್ಟು ದಿನ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕುವುದು ಹೇಗೆ?

ಜೂಲ್‌ನಲ್ಲಿ ಲೆಕ್ಕ ಹಾಕಿ. ಮಿಲಿಆಂಪ್ ಗಂಟೆಯಲ್ಲಿ ಹಾಕಲು ಹೋದರೆ 5 ವೋಲ್ಟ್ ಒಂದು ಕಡೆ, 3.3 ವೋಲ್ಟ್ ಇನ್ನೊಂದು ಕಡೆ ಅಂತ ತಲೆ ಕೆಡುತ್ತದೆ. ವ್ಯಾಟನ್ನು ಸೆಕೆಂಡಿನಿಂದ ಗುಣಿಸಿದರೆ ಜೂಲ್ ಬಂತು.

ಒಂದು 32650 ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ತೆಗೆದುಕೊಳ್ಳೋಣ. 6 ಆಂಪ್ ಗಂಟೆ, 3.2 ವೋಲ್ಟ್. ಅಂದರೆ 19.2 ವ್ಯಾಟ್ ಗಂಟೆ, ಹತ್ತಿರ ಹತ್ತಿರ 69,000 ಜೂಲ್. ಈಗ ಲಿನಕ್ಸ್ ಬೋರ್ಡ್ ಮತ್ತು ಯುಎಸ್‌ಬಿ ಕ್ಯಾಮೆರಾ ಸೇರಿ 4 ವ್ಯಾಟ್ ಅಂತ ಹಿಡಿಯಿರಿ. ಬೂಟ್ ಆಗಿ, ಕ್ಯಾಮೆರಾ ಸ್ಥಿರವಾಗಿ, ಚಿತ್ರ ತೆಗೆದು, ಲೆಕ್ಕ ಮಾಡಿ, ಮತ್ತೆ ಮಲಗಲು 30 ಸೆಕೆಂಡ್. ಒಂದು ಸಲಕ್ಕೆ 120 ಜೂಲ್. ಗಂಟೆಗೊಮ್ಮೆ ಎದ್ದರೆ ದಿನಕ್ಕೆ 2,880. ಸೆಲ್ 24 ದಿನಕ್ಕೆ ಖಾಲಿ.

ಅದೇ ಕೆಲಸ ಪುಟ್ಟ ಚಿಪ್ ಮತ್ತು ಸಣ್ಣ ಮೈಕ್ರೋಕಂಟ್ರೋಲರ್ (ಒಂದೇ ಚಿಪ್‌ನ ಪುಟ್ಟ ಕಂಪ್ಯೂಟರ್) ಮಾಡಿದರೆ? 0.3 ವ್ಯಾಟ್, ಎರಡೂವರೆ ಸೆಕೆಂಡ್, 0.75 ಜೂಲ್. ದಿನಕ್ಕೆ 24 ಸಲ ಅಂದರೆ 18. ಅಳತೆಯನ್ನು ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಕಳಿಸುವ ಲೋರಾ ರೇಡಿಯೋಗೆ ದಿನಕ್ಕೆ ಎರಡು ಮೂರು ಜೂಲ್. ಮಲಗಿರುವಾಗ 20 ಮೈಕ್ರೋಆಂಪ್ ಎಳೆದರೆ ದಿನಕ್ಕೆ 6 ಜೂಲ್ ಒಳಗೆ. ಎಲ್ಲ ಸೇರಿ 26, 27. ಕಾಗದದ ಮೇಲೆ ಏಳು ವರ್ಷ! ಅದನ್ನು ಸೀದಾ ಅರ್ಧ ಮಾಡಿ. ಸೆಲ್ ತಾನೇ ಸೋರುವುದು, ನಮ್ಮ ಬಿಸಿಲಿಗೆ ಮುದಿಯಾಗುವುದು, ಕೊನೆಯಲ್ಲಿ ವೋಲ್ಟೇಜ್ ಸಾಲದೆ ಸ್ವಲ್ಪ ಚಾರ್ಜ್ ಒಳಗೇ ಉಳಿಯುವುದು, ಎಲ್ಲ ಸೇರಿ ಅಷ್ಟು ಕಿತ್ತುಕೊಳ್ಳುತ್ತವೆ. ಆದರೂ ಮೂರು ವರ್ಷ ನಿಶ್ಚಿಂತೆ.

ಲೆಕ್ಕದಲ್ಲಿ ಮೂರು ವರ್ಷ ಇತ್ತು ಸರ, ಎರಡು ತಿಂಗಳೂ ಬರಲಿಲ್ಲ. ಯಾಕೆ?

ಹತ್ತರಲ್ಲಿ ಒಂಬತ್ತು ಸಲ ಕ್ಯಾಮೆರಾದ ತಪ್ಪಲ್ಲ. ಬೋರ್ಡ್ ಮೇಲೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ ರೆಗ್ಯುಲೇಟರ್ ನೋಡಿ. ಅಗ್ಗದ ಡೆವಲಪ್‌ಮೆಂಟ್ ಬೋರ್ಡ್‌ಗಳಲ್ಲಿ ಎಎಂಎಸ್1117 ಅಂತ ಒಂದು ಕರಿ ತುಂಡು ಇರುತ್ತದೆ. ಅದು ಏನೂ ಕೆಲಸ ಮಾಡದೆ ಸುಮ್ನೆ ಕೂತರೂ ಸುಮಾರು 5 ಮಿಲಿಆಂಪ್ ಕುಡಿಯುತ್ತದೆ. 6 ಆಂಪ್ ಗಂಟೆಯ ಸೆಲ್‌ಗೆ ಅದೊಂದೇ 50 ದಿನ. ಇನ್ನು ಕೆಂಪು ಪವರ್ ಎಲ್‌ಇಡಿ ಬೇರೆ! ಮೈಕ್ರೋಕಂಟ್ರೋಲರ್ 10 ಮೈಕ್ರೋಆಂಪ್‌ನಲ್ಲಿ ಮಲಗುತ್ತದೆ ಅಂತ ಕಂಪನಿಯ ಮಾಹಿತಿ ಹಾಳೆಯಲ್ಲಿ ಬರೆದಿದ್ದು ನಿಜವೇ. ಆದರೆ ಅದು ಚಿಪ್ ಬಗ್ಗೆ ಬರೆದಿದ್ದು, ನಿಮ್ಮ ಬೋರ್ಡ್ ಬಗ್ಗೆ ಅಲ್ಲ.

ಎರಡನೇ ಕಳ್ಳ ಐ2ಸಿ ವೈರು, ಅಂದರೆ ಕ್ಯಾಮೆರಾ ಚಿಪ್ ಮತ್ತು ಮೈಕ್ರೋಕಂಟ್ರೋಲರ್ ಮಾತಾಡುವ ಡೇಟಾ ವೈರು. ಕ್ಯಾಮೆರಾಗೆ ಮಾಸ್‌ಫೆಟ್ ಅಥವಾ ಲೋಡ್ ಸ್ವಿಚ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್‌ನಿಂದ ಪವರ್ ಕಡಿದಿರುತ್ತೀರಿ, ಆದರೆ ಆ ವೈರುಗಳನ್ನು ಮೇಲಿನ ವೋಲ್ಟೇಜ್‌ನಲ್ಲಿ ಇಡುವ ಪುಲ್ ಅಪ್ ರೆಸಿಸ್ಟರ್‌ಗಳು ಇನ್ನೂ ಸದಾ ಆನ್ ಇರುವ ಪವರ್‌ಗೇ ಕಟ್ಟಿರುತ್ತವೆ. ಆಗ ಕರೆಂಟು ಡೇಟಾ ವೈರಿನಿಂದ ಚಿಪ್ ಒಳಗೆ ನುಗ್ಗಿ, ಒಳಗಿನ ಡಯೋಡ್ ದಾಟಿ, ಕ್ಯಾಮೆರಾವನ್ನು ಅರೆಜೀವದಲ್ಲಿ ಇಡುತ್ತದೆ. ಅದು ಪೂರ್ತಿ ಆಫ್ ಆಗುವುದಿಲ್ಲ, ಮುಂದಿನ ಸಲ ಸರಿಯಾಗಿ ಏಳುವುದೂ ಇಲ್ಲ. ಪುಲ್ ಅಪ್‌ಗಳನ್ನು ಕ್ಯಾಮೆರಾದ ಕಡೆಯ ಪವರ್‌ಗೆ ಕಟ್ಟಿ, ಜೊತೆಗೆ ಮಲಗುವ ಮೊದಲು ಮೈಕ್ರೋಕಂಟ್ರೋಲರ್‌ನ ಆ ಪಿನ್‌ಗಳನ್ನು ಸೊನ್ನೆ ವೋಲ್ಟ್‌ಗೆ ಇಳಿಸಿ.

ಮಲ್ಟಿಮೀಟರ್‌ನಿಂದ ಇದನ್ನು ಹಿಡಿಯುವುದು ಕಷ್ಟ. ಮೈಕ್ರೋಆಂಪ್ ರೇಂಜಿನಲ್ಲಿ ಮೀಟರ್ ತಾನೇ ವೋಲ್ಟೇಜ್ ತಿನ್ನುತ್ತದೆ, ಬೋರ್ಡ್ ಎದ್ದ ತಕ್ಷಣ ರೀಸೆಟ್ ಆಗುತ್ತದೆ. ನಾರ್ಡಿಕ್ ಕಂಪನಿಯ ‘ಪವರ್ ಪ್ರೊಫೈಲರ್ ಕಿಟ್ 2’ ಅನ್ನುವ ಉಪಕರಣ ಒಂದು ಮೈಕ್ರೋಆಂಪ್‌ಗಿಂತ ಕಡಿಮೆಯಿಂದ 1 ಆಂಪ್ ತನಕ ಗ್ರಾಫ್ ಹಾಕಿ ತೋರಿಸುತ್ತದೆ. ನಾಲ್ಕು ಜನ ಸೇರಿ ಒಂದು ಕೊಂಡರೂ ದುಡ್ಡು ಹುಟ್ಟುತ್ತದೆ.

ಪ್ರತಿ ಸಲ ಪವರ್ ಕಡಿಯಬೇಕಾ, ಅಥವಾ ಕ್ಯಾಮೆರಾವನ್ನು ಮಲಗಿಸಿ ಇಟ್ಟರೆ ಸಾಕಾ?

ಒಳ್ಳೆಯ ಪ್ರಶ್ನೆ, ಇದಕ್ಕೆ ಒಂದೇ ಉತ್ತರ ಇಲ್ಲ. ಮೇಲೆ ಹೇಳಿದ 8×8 ಚಿಪ್‌ಗೆ ತನ್ನದೇ ಶಾಶ್ವತ ಮೆಮೊರಿ ಇಲ್ಲ. ಪವರ್ ಕಡಿದರೆ ಎದ್ದಾಗಲೆಲ್ಲ 80 ಕಿಲೋಬೈಟ್‌ಗೂ ಹೆಚ್ಚಿನ ಫರ್ಮ್‌ವೇರ್, ಅಂದರೆ ಚಿಪ್ ಒಳಗೆ ಓಡುವ ಪ್ರೋಗ್ರಾಂ ಅನ್ನು ನೀವೇ ಐ2ಸಿ ಮೂಲಕ ತುಂಬಬೇಕು. 400 ಕಿಲೋಹರ್ಟ್ಸ್‌ನಲ್ಲಿ ಸುಮಾರು ಎರಡು ಸೆಕೆಂಡ್, 1 ಮೆಗಾಹರ್ಟ್ಸ್‌ನಲ್ಲಿ ಅದರ ಅರ್ಧಕ್ಕೂ ಕಡಿಮೆ. ಪವರ್ ಕಡಿಯದೆ ಮಲಗಿಸಿದರೆ ತುಂಬುವ ಕೆಲಸ ಇಲ್ಲ, ಆದರೆ ಹಗಲೂ ರಾತ್ರಿ ಕೆಲವು ಹತ್ತು ಮೈಕ್ರೋಆಂಪ್ ಎಳೆಯುತ್ತಲೇ ಇರುತ್ತದೆ.

ನಿಮಿಷಕ್ಕೊಮ್ಮೆ ನೋಡುವವರು ಮಲಗಿಸಿ. ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ನೋಡುವವರು ಪೂರ್ತಿ ಕಡಿಯಿರಿ. ನನ್ನ ಲೆಕ್ಕದಲ್ಲಿ ಎರಡೂ ಸಮ ಆಗುವುದು ಕಾಲು ಗಂಟೆಯ ಆಸುಪಾಸು. ನಿಮ್ಮ ಬೋರ್ಡ್ ಮೇಲೆ ಅಳೆದು ನೀವೇ ನೋಡಿಕೊಳ್ಳಿ.

ಅಂದ ಹಾಗೆ, ತೊಗರಿ ರಾಶಿ ರಾತ್ರಿ ಹನ್ನೊಂದಕ್ಕೆ ಯಾಕೆ ಬದಲಾಗುತ್ತದೆ? ಮಿಲ್ ಬಾಗಿಲು ಹಾಕಿದ ಮೇಲೆ ಒಮ್ಮೆ ನೋಡಿದರೆ ಸಾಕಲ್ವಾ? ಎಷ್ಟು ಸಲ ಏಳಬೇಕು ಅನ್ನುವುದನ್ನು ಕೆಲಸವೇ ಹೇಳಬೇಕು. ಬಾಗಿಲಿಗೆ ಒಂದು ಮ್ಯಾಗ್ನೆಟ್ ಸ್ವಿಚ್ ಹಾಕಿ, ಬಾಗಿಲು ತೆರೆದ ದಿನ ಮಾತ್ರ ಕ್ಯಾಮೆರಾ ಎಬ್ಬಿಸಿದರೆ ಉಳಿಯುವ ಬ್ಯಾಟರಿ ಯಾವ ದುಬಾರಿ ಚಿಪ್‌ನಿಂದಲೂ ಉಳಿಯುವುದಿಲ್ಲ.

ಯಾವ ಬ್ಯಾಟರಿ ಹಾಕಲಿ?

ಚಾರ್ಜ್ ಮಾಡುವ ಗೋಜೇ ಬೇಡ ಅಂದರೆ ಲಿಥಿಯಂ ಥಯೋನಿಲ್ ಕ್ಲೋರೈಡ್. ನೀರಿನ ಮೀಟರ್, ಗ್ಯಾಸ್ ಮೀಟರ್‌ಗಳಲ್ಲಿ ಇರುವುದು ಇದೇ. ಡಿ ಅಳತೆಯ ಒಂದು ಸೆಲ್ 3.6 ವೋಲ್ಟ್, 19 ಆಂಪ್ ಗಂಟೆ, ಮಾಮೂಲಿ ಉಷ್ಣತೆಯಲ್ಲಿ ವರ್ಷಕ್ಕೆ ನೂರಕ್ಕೆ ಒಂದರಷ್ಟು ಮಾತ್ರ ಸೋರುತ್ತದೆ. ಆದರೆ ಅದಕ್ಕೆ ಒಂದು ಚಾಳಿ ಇದೆ. ತುಂಬ ದಿನ ಸುಮ್ನೆ ಇದ್ದರೆ ಒಳಗೆ ಒಂದು ಪದರ ಕಟ್ಟಿಕೊಳ್ಳುತ್ತದೆ. ಕ್ಯಾಮೆರಾ ದಿಢೀರ್ ಅಂತ ನೂರು ಮಿಲಿಆಂಪ್ ಕೇಳಿದಾಗ ವೋಲ್ಟೇಜ್ ಕುಸಿಯುತ್ತದೆ, ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತದೆ, ಮತ್ತೆ ಎದ್ದು ಮತ್ತೆ ಕೇಳುತ್ತದೆ, ಮತ್ತೆ ರೀಸೆಟ್. ಇದೇ ಸುತ್ತಿನಲ್ಲಿ ಸೆಲ್ ಸತ್ತೇ ಹೋಗುತ್ತದೆ. ಅದರ ಪಕ್ಕ ಸೂಪರ್‌ಕೆಪಾಸಿಟರ್ ಹಾಕಲೇಬೇಕು. ಸೆಲ್ ನಿಧಾನವಾಗಿ ಅದನ್ನು ತುಂಬಲಿ, ಕ್ಯಾಮೆರಾ ಅದರಿಂದ ಎಳೆಯಲಿ.

ಸೋಲಾರ್ ಜೊತೆಗಾದರೆ ಐರನ್ ಫಾಸ್ಫೇಟ್. ಲ್ಯಾಪ್‌ಟಾಪ್ ಮಾದರಿಯ 18650 ಸೆಲ್ ನಾನು ಹಾಕುವುದಿಲ್ಲ. 45 ಡಿಗ್ರಿ ಮೇಲೆ ಅವನ್ನು ಚಾರ್ಜ್ ಮಾಡಬಾರದು ಅಂತ ಸಾಮಾನ್ಯವಾಗಿ ಹಾಳೆಯಲ್ಲೇ ಇರುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ನೆರಳಿನಲ್ಲೇ 42, 43 ದಾಟುತ್ತದೆ, ತಗಡಿನ ಕೆಳಗೆ ಎಷ್ಟಿರುತ್ತದೆ ಅಂತ ಹೇಳಬೇಕಾ? ಕೊಳ್ಳುವಾಗಲೂ ಜೋಪಾನ. ಹೈದರಾಬಾದಿನ ಕೋಠಿಯಲ್ಲಿ ಆಗಲಿ ಆನ್‌ಲೈನ್‌ನಲ್ಲಿ ಆಗಲಿ, 18650 ಸೆಲ್ ಮೇಲೆ 9900 ಅಂತ ಬರೆದಿದ್ದರೆ ಮುಟ್ಟಬೇಡಿ. ಆ ಅಳತೆಯಲ್ಲಿ ಒಳ್ಳೆಯ ಕಂಪನಿಯ ಸೆಲ್ ಕೂಡ 3500 ಮಿಲಿಆಂಪ್ ಗಂಟೆಯ ಆಸುಪಾಸಿನಲ್ಲೇ ನಿಲ್ಲುತ್ತದೆ.

ನಮ್ಮ ಬಿಸಿಲಿಗೆ ಕ್ಯಾಮೆರಾ ತಡೆಯುತ್ತದಾ?

ಬಿಸಿಲು ಎರಡು ಥರ ಕಾಡುತ್ತದೆ, ಬೆಳಕು ಒಂದು, ಕಾವು ಇನ್ನೊಂದು.

ಸೂರ್ಯನ ಬೆಳಕಿನಲ್ಲೂ ಇನ್‌ಫ್ರಾರೆಡ್ ತುಂಬ ಇದೆ, ಅದು ನಿಮ್ಮ ಪುಟ್ಟ ಲೇಸರ್ ಬೆಳಕನ್ನು ಮುಳುಗಿಸಿಬಿಡುತ್ತದೆ. 940 ನ್ಯಾನೋಮೀಟರ್ ಆರಿಸಿಕೊಳ್ಳುವುದು ಇದಕ್ಕೇ. ಗಾಳಿಯಲ್ಲಿರುವ ನೀರಾವಿ ಆ ಅಲೆಯನ್ನು ಸ್ವಲ್ಪ ಹೀರಿಕೊಳ್ಳುವುದರಿಂದ ಬಿಸಿಲಿನಲ್ಲಿ ಅದರ ಪಾಲು 850 ನ್ಯಾನೋಮೀಟರ್ ಬೆಳಕಿಗಿಂತ ಕಡಿಮೆ. ಹಾಗಿದ್ದರೂ ಬಯಲಿನಲ್ಲಿ ಮಧ್ಯಾಹ್ನ 4 ಮೀಟರ್ ಸಿಗುತ್ತದೆ ಅಂತ ಕನಸು ಕಾಣಬೇಡಿ. ಒಂದು ಮೀಟರ್ ಚಿಲ್ಲರೆಗೆ ಇಳಿದರೂ ಆಶ್ಚರ್ಯ ಇಲ್ಲ. ಬಯಲಿನ ಕಣದಲ್ಲಿ ಅಳೆಯುವುದಾದರೆ ಹಗಲಲ್ಲಿ ಸ್ಟೀರಿಯೋ ಗೆಲ್ಲುತ್ತದೆ. ಕಾಳಿನ ರಾಶಿಯಲ್ಲಿ ಹಿಡಿದುಕೊಳ್ಳಲು ಬೇಕಾದಷ್ಟು ಗುರುತುಗಳಿರುತ್ತವೆ. ಇಲ್ಲವಾದರೆ ಸುಲಭ ದಾರಿ ಇದೆ, ರಾತ್ರಿ ಅಳೆಯಿರಿ.

ಕಾವಿನ ವಿಷಯಕ್ಕೆ ಬಂದರೆ, ಮನೆಯೊಳಗಿನ ಬಳಕೆಗೆ ಮಾಡಿದ ದೊಡ್ಡ ಕ್ಯಾಮೆರಾಗಳ ಹಾಳೆಯಲ್ಲಿ ಸುತ್ತಲಿನ ಉಷ್ಣತೆ 35 ಡಿಗ್ರಿ ಅಂತ ಇರುವುದುಂಟು. ಕಲಬುರಗಿಯಲ್ಲಿ ಅದು ಬೆಳಗಿನ ತಂಪು! ಪುಟ್ಟ ಚಿಪ್‌ಗಳು 85ರ ತನಕ ತಡೆಯುತ್ತವೆ, ಆದರೆ ಅಳತೆ ಜಾರುತ್ತದೆ. ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಮೂರಕ್ಕೂ ಅಲುಗಾಡದ ನೆಲವೇ ಒಂದೆರಡು ಸೆಂಟಿಮೀಟರ್ ಏರಿಳಿದಂತೆ ತೋರಿಸಬಹುದು. ಬಿಳಿ ಬಣ್ಣದ ಪೆಟ್ಟಿಗೆ ಮಾಡಿ, ತಗಡಿಗೆ ನೇರ ಅಂಟಿಸದೆ ಒಂದು ಗೇಣು ಕೆಳಗೆ ತೂಗು ಬಿಡಿ, ದಿನಾ ಒಂದೇ ಹೊತ್ತಿಗೆ ಅಳೆಯಿರಿ.

ಒಂದೆರಡು ಸೆಂಟಿಮೀಟರ್ ತಾನೇ, ಅದಕ್ಕೇನು ತಲೆ ಕೆಡಿಸಿಕೊಳ್ಳುವುದು?

ಎರಡೂವರೆ ಮೀಟರ್ ಚೌಕದ ರಾಶಿಯಲ್ಲಿ ಒಂದು ಸೆಂಟಿಮೀಟರ್ ಅಂದರೆ 62 ಲೀಟರ್ ಕಾಳು. ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕ್ವಿಂಟಲ್. ಮಾಲೀಕರಿಗೆ ಹೀಗೆ ಹೇಳಿ ನೋಡಿ, ಆಮೇಲೆ ಯಾರೂ ‘ಒಂದೆರಡು ಸೆಂಟಿಮೀಟರ್ ತಾನೇ’ ಅನ್ನುವುದಿಲ್ಲ. ಅದಕ್ಕೇ ಇದನ್ನು ತೂಕದ ಯಂತ್ರ ಅಂತ ಯಾರಿಗೂ ಮಾರಬೇಡಿ. ಎಷ್ಟು ತುಂಬಿದೆ, ಎಷ್ಟು ಖಾಲಿಯಾಯಿತು ಅನ್ನುವ ಅಂದಾಜಿಗೆ ಇದು ಸರಿ. ಲೀಟರನ್ನು ಕಿಲೋ ಮಾಡಲು ಪುಸ್ತಕದ ಅಂಕಿ ಬೇಡ, ಅದೇ ಗೋದಾಮಿನ ಕಾಳನ್ನು ಅಳತೆ ಗೊತ್ತಿರುವ ಡಬ್ಬಿಯಲ್ಲಿ ತುಂಬಿ ತೂಗಿ. ಕಾಳಿನ ತೇವ ಬದಲಾದರೆ ಆ ಅಂಕಿಯೂ ಬದಲಾಗುತ್ತದೆ.

ಧೂಳು, ಹೊಟ್ಟು, ಜೇಡರ ಬಲೆ?

ದಾಲ್ ಮಿಲ್‌ನಲ್ಲಿ ಇದೇ ನಿಜವಾದ ತಲೆನೋವು. ಯಂತ್ರ ಓಡುವಾಗ ಗಾಳಿಯಲ್ಲಿ ಹೊಟ್ಟಿನ ಮಬ್ಬು ತುಂಬಿರುತ್ತದೆ, ಬೆಳಕು ಅದಕ್ಕೇ ಬಡಿದು ವಾಪಸ್ ಬರುತ್ತದೆ. ಕೆಲವು ಚಿಪ್‌ಗಳು ಒಂದೇ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಗುರಿ ಹೇಳುತ್ತವೆ. ಆಗ ಹತ್ತಿರದ್ದನ್ನು ಬಿಟ್ಟು ದೂರದ್ದನ್ನು ತೆಗೆದುಕೊಳ್ಳಿ, ಹಿಂದಿನ ದಿನದ ಅಳತೆಗೆ ಹೋಲಿಸಿ. ಅದಕ್ಕಿಂತ ಒಳ್ಳೆಯದು, ಮಿಲ್ ನಿಂತು ಒಂದು ಗಂಟೆ ಕಳೆದ ಮೇಲೆ ಅಳೆಯುವುದು.

ಮುಂದಿನ ಗಾಜು ಕೆಳಮುಖವಾಗಿದ್ದರೆ ಧೂಳು ಕೂರುವುದು ಕಡಿಮೆ. ಅಕ್ರಿಲಿಕ್ ಹಾಕಿದ್ದರೆ ಒಣ ಬಟ್ಟೆಯಲ್ಲಿ ಒರೆಸಬೇಡಿ, ಉಜ್ಜಿದಷ್ಟೂ ಧೂಳನ್ನು ಸೆಳೆದುಕೊಳ್ಳುತ್ತದೆ. ಒದ್ದೆ ಬಟ್ಟೆ ಸಾಕು. ಗಾಜು ಮತ್ತು ಚಿಪ್ ನಡುವೆ ಸಂದು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು, ಇಲ್ಲವಾದರೆ ಲೇಸರ್ ಬೆಳಕು ಗಾಜಿನೊಳಗೇ ಜಾರಿ ಸೀದಾ ಸೆನ್ಸರ್‌ಗೆ ಬರುತ್ತದೆ, ಎದುರಿಗೆ ಏನೋ ಇದೆ ಅಂತ ಅದು ಸುಳ್ಳು ಹೇಳುತ್ತದೆ. ಗಾಜು ಹಾಕಿದ ಮೇಲೆ ಈ ಸುಳ್ಳು ಬೆಳಕನ್ನು ಲೆಕ್ಕದಿಂದ ಕಳೆಯುವ ಕ್ರಾಸ್‌ಟಾಕ್ ಕ್ಯಾಲಿಬ್ರೇಷನ್ ಮತ್ತೆ ಮಾಡಬೇಕು.

ಒಂದೇ ಮೂಲೆಯ ನಾಲ್ಕು ಮನೆಗಳು ಬೆಳಗಿನ ತನಕ ಐದಾರು ಸೆಂಟಿಮೀಟರ್ ತೋರಿಸಿ ಆಮೇಲೆ ತಾವಾಗಿಯೇ ಸರಿಹೋದರೆ ಸಾಫ್ಟ್‌ವೇರ್ ತೆರೆಯಬೇಡಿ. ಅದು ಹಲ್ಲಿ.

ಕಪ್ಪು ವಸ್ತು, ಹೊಳೆಯುವ ವಸ್ತು ಸರಿಯಾಗಿ ಕಾಣುತ್ತದಾ?

ಕಪ್ಪು ವಸ್ತು ಬೆಳಕನ್ನು ನುಂಗುತ್ತದೆ, ಹೊಳೆಯುವುದು ಬೇರೆ ಕಡೆಗೆ ಎಸೆಯುತ್ತದೆ. ಎರಡರಿಂದಲೂ ವಾಪಸ್ ಬರುವುದು ಕಡಿಮೆ. ಮನೆಯಲ್ಲಿ ಬಿದರಿ ತಟ್ಟೆ ಇದ್ದರೆ ಸೆನ್ಸರ್ ಮುಂದೆ ಓರೆಯಾಗಿ ಹಿಡಿದು ನೋಡಿ. ಕಪ್ಪು ಲೋಹ, ಅದರ ಮೇಲೆ ಬೆಳ್ಳಿಯ ಎಳೆ, ಪರೀಕ್ಷೆಗೆ ಇದಕ್ಕಿಂತ ಕಠಿಣವಾದದ್ದು ನಮ್ಮ ಕಡೆ ಸಿಗುವುದಿಲ್ಲ. ತೊಗರಿ ಕಾಳು, ಶಹಾಬಾದ್ ಕಲ್ಲಿನ ನೆಲ, ಗೋಣಿಚೀಲ, ಇವುಗಳದ್ದೇನೂ ತೊಂದರೆ ಇಲ್ಲ. ನೆಲ ತೊಳೆದು ಒದ್ದೆ ಇದ್ದಾಗ ಮಾತ್ರ ನಂಬಬೇಡಿ.

ಬಾವಿ, ಕಾಲುವೆಯ ನೀರಿನ ಮಟ್ಟಕ್ಕೆ ಇದನ್ನೇ ಹಾಕಬಹುದಾ?

ಬೇಡ. ಯಾದಗಿರಿ ಕಡೆಯಿಂದ ಈ ಪ್ರಶ್ನೆ ತುಂಬ ಬರುತ್ತದೆ. ನಿಂತ ನೀರು ಈ ಬೆಳಕಿನ ಬಹುಪಾಲನ್ನು ಒಳಗೆ ಬಿಟ್ಟುಕೊಂಡು ಹೀರುತ್ತದೆ, ಸ್ವಲ್ಪವನ್ನು ಮಾತ್ರ ಕನ್ನಡಿ ಥರ ಎಸೆಯುತ್ತದೆ, ಸೆನ್ಸರ್‌ಗೆ ವಾಪಸ್ ಬರುವುದು ಅಷ್ಟಕ್ಕಷ್ಟೇ. ಅಲ್ಟ್ರಾಸೋನಿಕ್, ರಾಡಾರ್ ಅಥವಾ ನೀರಿನೊಳಗೆ ಬಿಡುವ ಪ್ರೆಷರ್ ಸೆನ್ಸರ್ ಹಾಕಿ, ಬ್ಯಾಟರಿಗೂ ಹಗುರ. ಬೀದರಿನ ನೌಬಾದ್ ಸುರಂಗ ಬಾವಿಯಲ್ಲಿ ಹಾಕಿ ನೋಡೋಣ ಅಂದ ಹುಡುಗರಿಗೂ ಇದೇ ಉತ್ತರ. ಅದು ಬಹಮನಿ ಕಾಲದ ಕಟ್ಟಡ ಅನ್ನುವುದು ಬೇರೆ, ಅಲ್ಲಿ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕು.

ಚಿತ್ರವನ್ನೇ ಫೋನಿಗೆ ಕಳಿಸಲು ಆಗಲ್ವಾ?

640×480 ಚುಕ್ಕೆಯ ಒಂದು ಡೆಪ್ತ್ ಚಿತ್ರ ಸುಮಾರು 600 ಕಿಲೋಬೈಟ್. ಲೋರಾದಲ್ಲಿ ಒಂದು ಸಲಕ್ಕೆ ಹೋಗುವುದು ನಿಧಾನದ ವೇಗದಲ್ಲಿ 51 ಬೈಟ್, ಜೋರಿನಲ್ಲಿ 242. ನೀವೇ ಭಾಗಿಸಿ ನೋಡಿ. ಲೆಕ್ಕ ಪೆಟ್ಟಿಗೆಯೊಳಗೇ ಮುಗಿಯಲಿ, ಹೊರಗೆ ಹೋಗುವುದು ರಾಶಿಯ ಗಾತ್ರ, ಬ್ಯಾಟರಿ ವೋಲ್ಟೇಜ್, ಉಷ್ಣತೆ, ಅಷ್ಟೇ. ಹತ್ತು ಹನ್ನೆರಡು ಬೈಟ್. 64 ಮನೆಯ ಪೂರ್ತಿ ನಕ್ಷೆಯನ್ನು ವಾರಕ್ಕೊಮ್ಮೆ ತರಿಸಿಕೊಳ್ಳಿ, ಗಾಜು ಕೊಳೆಯಾಗಿದೆಯಾ ಅಂತ ತಿಳಿಯಲು. ನಮ್ಮ ದೇಶದಲ್ಲಿ ಲೋರಾಗೆ 865ರಿಂದ 868 ಮೆಗಾಹರ್ಟ್ಸ್, ಲೈಸೆನ್ಸ್ ಬೇಡ. ತಗಡಿನ ಗೋದಾಮಿನಲ್ಲಿ ಆಂಟೆನಾ ಹೊರಗೆ ಇರಲಿ. ಒಳಗೇ ಬಿಟ್ಟರೆ ರೇಡಿಯೋ ಮತ್ತೆ ಮತ್ತೆ ಕೂಗಿ ಬ್ಯಾಟರಿ ಸುಡುತ್ತದೆ.

ಕ್ಯಾಮೆರಾ ಅಂದರೆ ನಮ್ಮ ಹಮಾಲರು ಬೇಡ ಅಂತಾರೆ. ಏನು ಹೇಳಲಿ?

ಅವರು ಹೇಳುವುದರಲ್ಲಿ ತಪ್ಪೇನಿದೆ? ತಲೆ ಮೇಲೆ ಕ್ಯಾಮೆರಾ ಇಟ್ಟುಕೊಂಡು ದುಡಿಯಲು ಯಾರಿಗೆ ಇಷ್ಟ? ಅವರನ್ನು ಕರೆದು ಸ್ಕ್ರೀನ್ ತೋರಿಸಿ. 64 ಅಂಕಿ ಬಿಟ್ಟರೆ ಏನೂ ಇರುವುದಿಲ್ಲ. ಮನುಷ್ಯ ಕೆಳಗೆ ನಿಂತರೆ ಕೆಲವು ಅಂಕಿ ಕಡಿಮೆಯಾಗುತ್ತವೆ, ಯಾರು ಅಂತ ಗೊತ್ತಾಗುವುದಿಲ್ಲ. ದೊಡ್ಡ ಕ್ಯಾಮೆರಾ ಹಾಕಿದ್ದರೆ ಮಾತ್ರ ಈ ಮಾತು ಹೇಳಬೇಡಿ, ಅದರಲ್ಲಿ ಬಣ್ಣದ ಚಿತ್ರವೂ ಇರುತ್ತದೆ.

ಲೇಸರ್ ಅಂತೀರಿ, ಕಣ್ಣಿಗೆ ಅಪಾಯ ಇಲ್ವಾ?

ಒಳ್ಳೆಯ ಚಿಪ್‌ಗಳು ಕ್ಲಾಸ್ 1, ಅಂದರೆ ಮಾಮೂಲಿ ಬಳಕೆಯಲ್ಲಿ ಅಪಾಯ ಇಲ್ಲ. ಆದರೆ ಮುಂದೆ ಬೆಳಕನ್ನು ಒಟ್ಟುಗೂಡಿಸುವ ಲೆನ್ಸ್ ಹಾಕಿ ದೂರ ಹೆಚ್ಚಿಸಲು ಹೋದರೆ ಆ ಭರವಸೆ ಹೋಯಿತು.

ಗೋದಾಮಿಗೆ ಹುಳದ ಔಷಧಿ ಇಡುವಾಗ ಪೆಟ್ಟಿಗೆ ತೆಗೆಯಬೇಕಾ?

ತೆಗೆಯಲೇಬೇಕು. ಇದನ್ನು ಕೇಳುವವರು ಕಡಿಮೆ, ಪೆಟ್ಟಿಗೆ ಕಳೆದುಕೊಳ್ಳುವವರು ಜಾಸ್ತಿ. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಫಾಸ್ಫೀನ್ ಗ್ಯಾಸ್ ಬರುತ್ತದೆ. ಅದು ತಾಮ್ರವನ್ನು ತಿನ್ನುತ್ತದೆ, ಬೆಳ್ಳಿ ಬಂಗಾರವನ್ನೂ ಬಿಡುವುದಿಲ್ಲ. ಬೋರ್ಡಿನ ತಾಮ್ರದ ಗೆರೆ, ಕನೆಕ್ಟರ್, ಬ್ಯಾಟರಿ ಹೋಲ್ಡರ್ ಎಲ್ಲ ಕಪ್ಪಾಗುತ್ತವೆ. ಅದೇ ದಿನ ಏನೂ ಆಗುವುದಿಲ್ಲ. ಒಂದೆರಡು ತಿಂಗಳಾದ ಮೇಲೆ ಬ್ಯಾಟರಿ ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ, ನೀವು ಕ್ಯಾಮೆರಾವನ್ನು ಅನುಮಾನಿಸುತ್ತ ಕೂರುತ್ತೀರಿ. ಬೋರ್ಡ್‌ಗೆ ಕಾನ್‌ಫಾರ್ಮಲ್ ಕೋಟಿಂಗ್ ಅನ್ನುವ ರಕ್ಷಣೆಯ ಲೇಪ ಬಳಿದರೆ ಸ್ವಲ್ಪ ತಡೆಯುತ್ತದೆ, ಕನೆಕ್ಟರ್‌ಗೆ ಅದನ್ನು ಬಳಿಯಲು ಆಗುವುದಿಲ್ಲವಲ್ಲ. ಅದಕ್ಕೇ ಪೆಟ್ಟಿಗೆಯನ್ನು ಕೆಳಗಿನಿಂದಲೇ ಹಗ್ಗ ಎಳೆದು ಇಳಿಸುವ ಹಾಗೆ ರಾಟೆ ಕಟ್ಟಿ ತೂಗು ಹಾಕಿ. ಗುಳಿಗೆ ಇಡುವ ಹಿಂದಿನ ದಿನ ಇಳಿಸಿ ಹೊರಗಿಡಿ. ಗ್ಯಾಸ್ ಪೂರ್ತಿ ಹೋಗಿ ಬಾಗಿಲು ತೆರೆಯಬಹುದು ಅಂತ ಔಷಧಿ ಇಟ್ಟವರು ಹೇಳುವ ತನಕ ಒಳಗೆ ಕಾಲಿಡಬೇಡಿ, ಆ ಗ್ಯಾಸ್ ಮನುಷ್ಯರನ್ನೂ ಕೊಲ್ಲುತ್ತದೆ. ಪೆಟ್ಟಿಗೆ ಮತ್ತೆ ಏರಿಸಿದ ಮೇಲೆ ಖಾಲಿ ನೆಲಕ್ಕೆ ಒಮ್ಮೆ ಅಳೆದು ಸೊನ್ನೆ ಸರಿಮಾಡಿ. ನೆಲ ಖಾಲಿ ಇಲ್ಲದಿದ್ದರೆ ಗೋಡೆ ಪಕ್ಕದ ಒಂದು ಮನೆಯನ್ನಾದರೂ ಟೇಪ್ ಹಿಡಿದು ಹೋಲಿಸಿ.